ಬಂಗಾರ ಫೋಟೊದಲ್ಲಿ ಹಿತ್ತಾಳೆಯಂತೆ ಕಾಣುವುದೇಕೆ?

ಪ್ರಶ್ನೆ: ನಾನು ರಾಣೆಬೆನ್ನೂರಿನವನು. ಎರಡು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಜನರ ಫೋಟೊ ಚೆನ್ನಾಗಿ ಬರುತ್ತವೆ. ತಾಳಿ, ಕಾಲುಂಗುರ, ಬಳೆ, ಏಲಕ್ಕಿ ಮಾಲೆಯಂಥ ಸಣ್ಣ ವಸ್ತುಗಳು ಮಾತ್ರ ಕೈ ಕೊಡುತ್ತವೆ. ತಾಳಿಯ ಗುಂಡು ಅರ್ಧ ಕಪ್ಪಾಗಿ ಬರುತ್ತದೆ. ಫ್ಲ್ಯಾಶ್ ಹಾಕಿದರೆ ನಡುವೆ ಒಂದು ಬಿಳಿ ಚುಕ್ಕೆ, ಉಳಿದದ್ದು ಮತ್ತೆ ಕತ್ತಲೆ. ಹೋದ ತಿಂಗಳು ಹುಡುಗಿಯ ತಂದೆ ಆಲ್ಬಮ್ ನೋಡಿ, ‘ನಮ್ಮ ಬಂಗಾರ ಹಿತ್ತಾಳಿ ಹಂಗ ಕಾಣಸ್ತದಲ್ರೀ’ ಅಂದರು. ತುಂಬಾ ಬೇಜಾರಾಯಿತು. ಒಬ್ಬ ಹಿರಿಯರು ಬೆಳಕು ತಿರುಗಿಸುವ ಬಂಗಾರದ ಬಣ್ಣದ ರಿಫ್ಲೆಕ್ಟರ್ ತಗೋ ಅನ್ನುತ್ತಾರೆ. ಇನ್ನೊಬ್ಬರು ಅಡುಗೆಮನೆಯ ಫಾಯಿಲ್ ಸಾಕು ಅನ್ನುತ್ತಾರೆ. ಗೆಳೆಯರು ಎಡಿಟಿಂಗ್‌ನಲ್ಲಿ ಸರಿ ಮಾಡು ಅನ್ನುತ್ತಾರೆ. ಮದುವೆ ಮನೆಯಲ್ಲಿ ನನಗೆ ಸಿಗುವುದು ಹತ್ತೇ ನಿಮಿಷ. ಅಲ್ಲೇ ಇರುವ ವಸ್ತುಗಳಿಂದ ಬೆಳಕು ತಿರುಗಿಸಿಕೊಳ್ಳಲು ಬರುತ್ತದೆಯೇ? ಅದರಲ್ಲಿ ಅಪಾಯವೇನು?

ಉತ್ತರ: ಆ ತಂದೆಯ ಮಾತು ನಿಮಗೆ ಯಾಕೆ ಅಷ್ಟು ನಾಟಿತು ಅಂತ ನನಗೆ ಗೊತ್ತು. ನನಗೂ ಅಂಥ ಮಾತು ಕೇಳಿ ಗೊತ್ತು. ವರ್ಷಗಟ್ಟಲೆ ಕೂಡಿಟ್ಟು ಮಾಡಿಸಿದ ಬಂಗಾರ ಅದು. ಅದು ಫೋಟೊದಲ್ಲಿ ಹಿತ್ತಾಳೆಯಾಗಿ ಕಂಡರೆ ಅವರಿಗೆ ನೋವಾಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ದೋಷವಿಲ್ಲ. ನಿಮ್ಮ ಕೈಯಲ್ಲೂ ದೋಷವಿಲ್ಲ. ಬಂಗಾರದ ಎದುರಿಗೆ ಏನಿತ್ತು ಅನ್ನುವುದನ್ನು ನೀವು ನೋಡಿಲ್ಲ, ಅಷ್ಟೇ.

ಮೊದಲು ಒಂದು ಕೆಲಸ ಮಾಡಿ. ಆ ಕಪ್ಪಾದ ಗುಂಡಿನ ಫೋಟೊವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಕಪ್ಪು ಭಾಗದಲ್ಲಿ ಒಂದು ಆಕಾರ ಇರುತ್ತದೆ. ಎರಡು ಭುಜ, ನಡುವೆ ತಲೆ, ಮುಖದ ಜಾಗದಲ್ಲಿ ಒಂದು ದುಂಡನೆಯ ಕತ್ತಲೆ. ಅದು ನೀವೇ. ನಿಮ್ಮ ಕಪ್ಪು ಟೀ ಶರ್ಟು, ನಿಮ್ಮ ಲೆನ್ಸು. ಪಕ್ಕದಲ್ಲಿ ಒಂದು ಸಣ್ಣ ಬೆಳ್ಳಗಿನ ಚೌಕ ಕಂಡರೆ ಅದು ಕಿಟಕಿ. ಗುಂಡು ಇರುವುದೇ ಕೆಲವು ಮಿಲಿಮೀಟರ್. ಆದರೆ ಇಡೀ ಕೋಣೆ ಅದರೊಳಗೆ ಬಂದು ಕೂತಿರುತ್ತದೆ.

ಇಡೀ ವಿಷಯ ಇದೇ. ಏಲಕ್ಕಿ, ಹೂವು, ಬಟ್ಟೆಯಂಥ ಮಂದ ಮೈಯ ವಸ್ತುಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆ ಚೆಲ್ಲುತ್ತವೆ. ಹಾಗಾಗಿ ಎಷ್ಟು ಬೆಳಕು ಬಿದ್ದರೆ ಅಷ್ಟು ಕಾಣುತ್ತವೆ. ಹೊಳಪು ಕೊಟ್ಟ ಬಂಗಾರ, ಬೆಳ್ಳಿ ಹಾಗಲ್ಲ. ಅವು ಕನ್ನಡಿ. ಕನ್ನಡಿಗೆ ತನ್ನದೇ ಆದ ಮುಖ ಇಲ್ಲ. ಎದುರಿಗೆ ಕತ್ತಲೆ ಇದ್ದರೆ ಕತ್ತಲೆ, ಬಿಳಿ ಗೋಡೆ ಇದ್ದರೆ ಬಿಳಿ ಗೋಡೆ. ಆದ್ದರಿಂದ ತಾಳಿಗೆ ರಿಫ್ಲೆಕ್ಟರ್ ಹಿಡಿಯುವುದು ಬೆಳಕು ಜಾಸ್ತಿ ಮಾಡಲಿಕ್ಕಲ್ಲ. ಬಂಗಾರ ನೋಡುವುದಕ್ಕೆ ಒಂದು ಬೆಳ್ಳಗಿನ ಆಕಾಶ ಕಟ್ಟಿಕೊಡಲಿಕ್ಕೆ. ಇದು ತಲೆಯಲ್ಲಿ ಕೂತರೆ ಮಿಕ್ಕಿದ್ದೆಲ್ಲ ಸುಲಭ.

ಫ್ಲ್ಯಾಶ್ ಯಾಕೆ ಸೋಲುತ್ತದೆ ಅಂತ ಈಗ ನಿಮಗೇ ಹೊಳೆದಿರಬೇಕು. ಕ್ಯಾಮೆರಾ ಮೇಲಿನ ಫ್ಲ್ಯಾಶಿನ ಮುಖ ಬಹಳ ಚಿಕ್ಕದು. ಗುಂಡಿನಲ್ಲಿ ಅದರ ಪ್ರತಿಬಿಂಬ ಇನ್ನೂ ಚಿಕ್ಕ ಚುಕ್ಕೆ. ಆ ಚುಕ್ಕೆಯಲ್ಲಿ ಬೆಳಕು ಎಷ್ಟು ಜೋರು ಅಂದರೆ ಸೆನ್ಸರ್ ತುಂಬಿ ಹೋಗಿ ಬರೀ ಬಿಳಿ ಉಳಿಯುತ್ತದೆ. ಸುತ್ತಲಿನ ಗುಂಡಿಗೆ ಮಾತ್ರ ಕೋಣೆಯ ಕತ್ತಲೆಯೇ ಕಾಣುತ್ತಿದೆ. ಫ್ಲ್ಯಾಶಿನ ಶಕ್ತಿ ಏರಿಸಿದರೆ ಚುಕ್ಕೆ ಇನ್ನೂ ಸುಡುತ್ತದೆ, ಗುಂಡು ಹಾಗೇ ಇರುತ್ತದೆ. ಬಿರು ಬಿಸಿಲಿನಲ್ಲಿ ಇಟ್ಟರೂ ಇದೇ ಕಥೆ. ಸೂರ್ಯನೂ ಗುಂಡಿನಲ್ಲಿ ಒಂದು ಚುಕ್ಕೆಯೇ. ಎಡಿಟಿಂಗ್ ಬಗ್ಗೆ ಗೆಳೆಯರು ಹೇಳಿದ್ದು ಇಲ್ಲಿ ನಡೆಯುವುದಿಲ್ಲ. ಸುಟ್ಟ ಬಿಳಿಯೊಳಗೆ ಯಾವ ಮಾಹಿತಿಯೂ ಇರುವುದಿಲ್ಲ, ಎಳೆದು ತರಲು ಅಲ್ಲಿ ಏನೂ ಇಲ್ಲ.

ಬಂಗಾರದ ಬಣ್ಣದ ರಿಫ್ಲೆಕ್ಟರ್ ಬಗ್ಗೆ ಖಡಾಖಂಡಿತ ಹೇಳುತ್ತೇನೆ: ಬಂಗಾರಕ್ಕೆ ಅದು ಬೇಡ. ಬಂಗಾರ ಹಳದಿಯಾಗಿ ಕಾಣುವುದೇ ಅದು ನೀಲಿ ಬೆಳಕನ್ನು ಬಹಳಷ್ಟು ನುಂಗಿ, ಕೆಂಪು ಹಳದಿಯನ್ನು ವಾಪಸ್ ಕಳಿಸುವುದರಿಂದ. ಬಿಳಿ ಬೆಳಕು ಕೊಟ್ಟರೆ ಅದು ತನ್ನ ಬಣ್ಣವನ್ನು ತಾನೇ ಮಾಡಿಕೊಳ್ಳುತ್ತದೆ. ಮೊದಲೇ ಹಳದಿ ಬೆಳಕು ಕೊಟ್ಟರೆ ಹಳದಿಯ ಮೇಲೆ ಹಳದಿ ಸೇರಿ ಕಿತ್ತಳೆಯಾಗುತ್ತದೆ. ಪಕ್ಕದ ಮುತ್ತು, ಬಿಳಿ ಹರಳು, ಹುಡುಗಿಯ ಕತ್ತು ಎಲ್ಲವೂ ಅರಿಷಿಣ ಹಚ್ಚಿದಂತೆ ಆಗುತ್ತವೆ. ಸಂಜೆ ಬೆಳಕಿನಲ್ಲಿ ಜನರ ಮುಖಕ್ಕೆ ಅದು ಚೆಂದ ಇರಬಹುದು. ತಾಳಿಗಲ್ಲ.

ಫಾಯಿಲ್‌ಗೂ ಒಂದು ಜಾಗ ಇದೆ, ಆದರೆ ನೀವು ಕೇಳಿದ ಜಾಗ ಅಲ್ಲ. ಮಡಿಕೆ ಬಿದ್ದ ಫಾಯಿಲ್ ನೂರು ಸಣ್ಣ ಕನ್ನಡಿಗಳಿದ್ದಂತೆ. ಹರಳಿನ ಉಂಗುರಕ್ಕೆ ಅದು ಮಿಂಚು ಕೊಡುತ್ತದೆ, ಯಾಕೆಂದರೆ ಹರಳಿಗೆ ಬೇಕಾಗಿರುವುದೇ ಬಿಡಿ ಬಿಡಿ ಚುಕ್ಕೆ ಬೆಳಕು. ನುಣುಪಾದ ಬಂಗಾರಕ್ಕೆ ಹಿಡಿದರೆ ಸಿಡುಬು ಬಂದಂತೆ ಕಲೆ ಕಲೆ ಕಾಣುತ್ತದೆ.

ಇನ್ನು ಹಿತ್ತಾಳೆಯ ವಿಷಯಕ್ಕೆ ಬರೋಣ. ಆ ತಂದೆ ಸುಮ್ನೆ ಅಂದದ್ದಲ್ಲ. ಹಿತ್ತಾಳೆಗೂ ಬಂಗಾರಕ್ಕೂ ಬಣ್ಣದಲ್ಲಿ ಇರುವ ವ್ಯತ್ಯಾಸ ಸಣ್ಣದು. ಹಿತ್ತಾಳೆ ಸ್ವಲ್ಪ ಪೇಲವ, ಸ್ವಲ್ಪ ಹಸಿರು ಛಾಯೆ. ಬಂಗಾರದಲ್ಲಿ ಕೆಂಪಿನ ಪಾಲು ಜಾಸ್ತಿ. ಅಗ್ಗದ ಎಲ್‌ಇಡಿ ಬಲ್ಬುಗಳ ಬೆಳಕಿನಲ್ಲಿ ಗಾಢ ಕೆಂಪು ಕಡಿಮೆ ಇರುತ್ತದೆ. ಕಲ್ಯಾಣ ಮಂಟಪದ ತುಂಬ ಅವೇ ಉರಿಯುತ್ತಿರುತ್ತವೆ. ಕೆಂಪು ಇಲ್ಲದ ಬೆಳಕು ಬಿದ್ದರೆ ಬಂಗಾರ ಎಲ್ಲಿಂದ ಕೆಂಪು ತರುತ್ತದೆ? ಹಾಗಾಗಿ 22 ಕ್ಯಾರಟ್ ಬಂಗಾರವೂ ಹಿತ್ತಾಳೆಯಾಗಿ ನಿಲ್ಲುತ್ತದೆ.

ಹಸಿರು ಛಾಯೆ ಇನ್ನೊಂದು ದಾರಿಯಿಂದಲೂ ಬರುತ್ತದೆ. ಅದನ್ನು ನಾನು ಕಷ್ಟಪಟ್ಟು ಕಲಿತೆ. ಬಹಳ ವರ್ಷಗಳ ಹಿಂದೆ ಗದಗ ಕಡೆಯ ಒಂದು ಹಳ್ಳಿಯಲ್ಲಿ ಮದುವೆ. ಮನೆ ಮುಂದೆ ಹಸಿರು ಬಟ್ಟೆಯ ಶಾಮಿಯಾನ. ಒಳಗೆ ಬೆಳಕು ಮೆತ್ತಗಿತ್ತು, ಖುಷಿಯಾಯಿತು. ಬಿಳಿ ಧೋತರ ಹಿಡಿಸಿ, ತಾಳಿ, ನತ್ತು, ವಂಕಿ ಎಲ್ಲ ತೆಗೆದೆ. ಧಾರವಾಡಕ್ಕೆ ಬಂದು ನೋಡಿದರೆ ಎಲ್ಲ ಪಾಚಿ ಕಟ್ಟಿದ ಹಾಗೆ. ನಾನು ಧೋತರ ಬಿಳಿ ಇದೆ ಅಂತ ನಂಬಿದ್ದೆ. ಆದರೆ ಅದರ ಮೇಲೆ ಬೀಳುತ್ತಿದ್ದ ಬೆಳಕೇ ಹಸಿರು ಬಟ್ಟೆಯಿಂದ ಸೋಸಿ ಬಂದದ್ದು. ಬಿಳಿ ವಸ್ತು ತನಗೆ ಬಂದದ್ದನ್ನೇ ದಾಟಿಸುತ್ತದೆ, ಬಣ್ಣ ತೊಳೆಯುವುದಿಲ್ಲ. ಆ ಮನೆಯವರು ಏನೂ ಅನ್ನಲಿಲ್ಲ. ಅದೇ ನನಗೆ ಇನ್ನೂ ಚುಚ್ಚುತ್ತದೆ. ಶಾಮಿಯಾನದಿಂದ ಹತ್ತು ಹೆಜ್ಜೆ ಆಚೆ ಬೇವಿನ ಗಿಡದ ಪಕ್ಕ ಬಿಳಿ ಸುಣ್ಣದ ಗೋಡೆ ಇತ್ತು. ಅಲ್ಲಿಗೆ ಹೋಗಿದ್ದರೆ ಸಾಕಿತ್ತು.

ಈಗ ಮದುವೆ ಮನೆಯಲ್ಲಿ ಏನೇನು ಸಿಗುತ್ತದೆ ನೋಡೋಣ. ನನ್ನ ಮೊದಲ ಆಯ್ಕೆ ಇಂದಿಗೂ ಬಿಳಿ ಧೋತರ. ಎಲ್ಲ ಮನೆಯಲ್ಲೂ ಇದ್ದೇ ಇರುತ್ತದೆ. ನಾಲ್ಕು ಮಡಿಕೆ ಮಾಡಿ. ಒಂದೇ ಪದರವಾದರೆ ಅರ್ಧ ಬೆಳಕು ಆಚೆ ಸೋರಿ ಹೋಗುತ್ತದೆ. ಕಿಟಕಿ ಅಥವಾ ಬಾಗಿಲಿನ ಪಕ್ಕ ಒಂದು ಕಟ್ಟಿಗೆ ಮಣೆ ಇಡಿ, ಮಣೆಯ ಮೇಲೆ ತಾಳಿ. ಬೆಳಕು ಎಡದಿಂದ ಬರುತ್ತಿದ್ದರೆ ಧೋತರವನ್ನು ಬಲಕ್ಕೆ, ತಾಳಿಯಿಂದ ಒಂದು ಗೇಣು ದೂರದಲ್ಲಿ, ಗೋಡೆಯ ಹಾಗೆ ನಿಲ್ಲಿಸಿ. ಧೋತರದ ಮೇಲೆ ಕಿಟಕಿಯ ಬೆಳಕು ನೇರವಾಗಿ ಬೀಳುತ್ತಿರಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ನೆರಳಲ್ಲಿ ನಿಂತ ಧೋತರ ಬೂದು ಬಣ್ಣದ ಬಟ್ಟೆ ಅಷ್ಟೇ.

ಅದೇ ಧೋತರ ಇನ್ನೊಂದು ಕೆಲಸಕ್ಕೂ ಬರುತ್ತದೆ. ಕಿಟಕಿಯಿಂದ ನೇರ ಬಿಸಿಲು ಬರುತ್ತಿದ್ದರೆ ಒಂದೇ ಪದರ ಮಾಡಿ ಕಿಟಕಿಗೆ ಕಟ್ಟಿಬಿಡಿ. ಇಡೀ ಕಿಟಕಿ ಒಂದು ದೊಡ್ಡ ಮೆತ್ತನೆಯ ದೀಪವಾಗುತ್ತದೆ. ಹಿರಿಯರು ಹಾಕುವ ಬಿಳಿ ಟೊಪ್ಪಿಗೆ, ಸುತ್ತುವ ಬಿಳಿ ರುಮಾಲು ಕೂಡ ಒಳ್ಳೆಯ ರಿಫ್ಲೆಕ್ಟರ್‌ಗಳೇ. ಗಾಂಧಿ ಟೊಪ್ಪಿಗೆ ಗರಿಗರಿಯಾಗಿ ತಾನಾಗಿಯೇ ನಿಲ್ಲುತ್ತದೆ, ಒಬ್ಬರು ಹಿಡಿಯಬೇಕಾಗಿಲ್ಲ. ಆದರೆ ಹಿರಿಯರ ತಲೆಯ ಮೇಲಿನದನ್ನು ಕೇಳಲು ಹೋಗಬೇಡಿ. ಪೆಟ್ಟಿಗೆಯಲ್ಲಿ ಮಡಚಿಟ್ಟದ್ದು ಇದ್ದರೆ ಮಾತ್ರ.

ಲಗ್ನಪತ್ರಿಕೆಯ ಹಿಂಬದಿ ಅಥವಾ ಬಿಳಿ ಎ4 ಹಾಳೆ ಇನ್ನೂ ಸುಲಭ. ಎ4 ಹಾಳೆ 21 ಸೆಂಟಿಮೀಟರ್ ಅಗಲ, ಸುಮಾರು 30 ಸೆಂಟಿಮೀಟರ್ ಉದ್ದ. ನಮಗೆ ಅದು ಸಣ್ಣ ಕಾಗದ. ಒಂದು ಸೆಂಟಿಮೀಟರಿನ ತಾಳಿಯ ಪಕ್ಕ ಒಂದು ಗೇಣಿನಲ್ಲಿ ನಿಲ್ಲಿಸಿದರೆ ತಾಳಿಗೆ ಅದು ಅರ್ಧ ಆಕಾಶ. ಸಣ್ಣ ವಸ್ತುಗಳಿಗೆ ದೊಡ್ಡ ಸಲಕರಣೆ ಯಾಕೆ ಬೇಡ ಅಂದರೆ ಇದಕ್ಕೇ.

ಒಂದು ಎಚ್ಚರಿಕೆ ಇದೆ. ಜೆರಾಕ್ಸ್ ಹಾಳೆಯಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಅದು ನೀಲಿ ಬೆಳಕು ಹೊಮ್ಮಿಸುತ್ತದೆ. ಧೋತರಕ್ಕೆ ನೀಲಿ ಹಾಕಿ ಒಗೆದಿದ್ದರೂ ನೀಲಿ ಛಾಯೆ ಬರುತ್ತದೆ. ಬಂಗಾರದಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ, ಅದು ನೀಲಿಯನ್ನು ನುಂಗುತ್ತದಲ್ಲ. ಆದರೆ ಬೆಳ್ಳಿ ಕಾಲುಂಗುರ ಚಾಡಿ ಹೇಳುತ್ತದೆ. ಬೆಳ್ಳಿ ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಒಂದೇ ಸಮ ವಾಪಸ್ ಕಳಿಸುವ ಲೋಹ. ಹಾಗಾಗಿ ನಾನು ಎಲ್ಲಿಗೆ ಹೋದರೂ ಮೊದಲು ಕಾಲುಂಗುರದ ಒಂದು ಫೋಟೊ ತೆಗೆದು ನೋಡುತ್ತೇನೆ. ಅದು ಹಸಿರಾಗಿದ್ದರೆ ಆ ಜಾಗ ಬಿಡುತ್ತೇನೆ. ಸ್ವಲ್ಪ ನೀಲಿ ಇದ್ದರೆ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಬರುವಂತೆ ಮಾಡುವ ಕ್ಯಾಮೆರಾದ ಬಣ್ಣದ ಹೊಂದಾಣಿಕೆ, ತಿದ್ದಿಕೊಳ್ಳುತ್ತೇನೆ. ಅರ್ಧ ನೀಲಿ ಅರ್ಧ ಹಳದಿ ಇದ್ದರೆ ಕಿಟಕಿ ಬೆಳಕಿಗೂ ಬಲ್ಬಿನ ಬೆಳಕಿಗೂ ಜಗಳ ಹತ್ತಿದೆ ಅಂತ ಅರ್ಥ. ಆಗ ಮನೆಯವರನ್ನು ಕೇಳಿ ಆ ಕೋಣೆಯ ಲೈಟ್ ಆರಿಸಿಬಿಡಿ. ಎರಡು ಬಣ್ಣದ ಬೆಳಕನ್ನು ಯಾವ ಎಡಿಟಿಂಗೂ ಒಂದೇ ಸಲಕ್ಕೆ ಸರಿ ಮಾಡುವುದಿಲ್ಲ.

ಬಿಳಿ ಇಟ್ಟದ್ದಾಯಿತು. ಇಲ್ಲಿಗೆ ಬಹಳ ಜನ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇನ್ನೂ ಬಾಕಿ ಇದೆ. ಸುತ್ತಲೂ ಬಿಳಿ ತುಂಬಿಬಿಟ್ಟರೆ ಬಂಗಾರ ಬೆಳ್ಳಗಾಗುತ್ತದೆ, ಆದರೆ ಚಪ್ಪಟೆಯಾಗುತ್ತದೆ. ಗುಂಡು ಗುಂಡಾಗಿ ಕಾಣುವುದಿಲ್ಲ, ಬೆಣ್ಣೆ ಮುದ್ದೆಯಂತೆ ಕಾಣುತ್ತದೆ. ಲೋಹಕ್ಕೆ ಅಂಚು ಕೊಡುವುದು ಕಪ್ಪು. ಕ್ಯಾಮೆರಾದ ಕಪ್ಪು ಪಟ್ಟಿ, ಕೊಡೆಯ ಬಟ್ಟೆ, ಕಪ್ಪು ಬ್ಲೌಸ್ ಪೀಸು, ಏನಾದರೂ ನಡೆಯುತ್ತದೆ. ತಾಳಿಯನ್ನು ಧೋತರದ ಪಕ್ಕ ಇಟ್ಟು, ಒಂದು ಕಣ್ಣು ಮುಚ್ಚಿ ಹತ್ತಿರದಿಂದ ನೋಡುತ್ತ, ಆ ಕಪ್ಪು ಪಟ್ಟಿಯನ್ನು ಬದಿಯಿಂದ ನಿಧಾನಕ್ಕೆ ಒಳಗೆ ತನ್ನಿ. ಒಂದು ಕ್ಷಣದಲ್ಲಿ ಗುಂಡಿನ ಅಂಚಿಗೆ ಕಾಡಿಗೆ ಎಳೆದ ಹಾಗೆ ಒಂದು ತೆಳು ಗೆರೆ ಮೂಡುತ್ತದೆ. ಕೂಡಲೇ ಗುಂಡು ಉಬ್ಬಿ ನಿಲ್ಲುತ್ತದೆ. ಅಲ್ಲಿಗೇ ನಿಲ್ಲಿಸಿ, ಕ್ಲಿಕ್ ಮಾಡಿ. ಇಷ್ಟು ವರ್ಷವಾದರೂ ಆ ಗೆರೆ ಮೂಡಿದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕು ಅಂದರೆ ಗದಗಿನಿಂದ ಲಕ್ಕುಂಡಿಗೆ ಹೋಗಿ ಬನ್ನಿ, ದೂರವಿಲ್ಲ. ಅಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಲ್ಲಿ ಕಡಚಲು ಹಿಡಿದಂತೆ ತಿರುವಿದ, ನಯಗೊಳಿಸಿದ ಕಂಬಗಳಿವೆ. ಗುಡಿಯೊಳಗೆ ಕತ್ತಲೆ. ಬಾಗಿಲಿನ ಬೆಳಕು ಮಾತ್ರ ಕಂಬದ ಮೈಮೇಲೆ ಒಂದು ಉದ್ದ ಗೆರೆಯಾಗಿ ಇಳಿಯುತ್ತದೆ. ಆ ಒಂದು ಗೆರೆಯಿಂದ, ಅದರ ಎರಡೂ ಬದಿಯ ಕತ್ತಲೆಯಿಂದ, ಕಂಬ ದುಂಡಗಿದೆ ಅಂತ ನಮಗೆ ಗೊತ್ತಾಗುತ್ತದೆ. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಗೆರೆ ತುಂಡಾಗುತ್ತದೆ. ಅರ್ಧ ತಾಸು ಸುಮ್ನೆ ಕೂತು ನೋಡಿ. ತಾಳಿಯ ಗುಂಡಿಗೂ ಆ ಕಂಬಕ್ಕೂ ಒಂದೇ ನಿಯಮ.

ಗುಂಡಿಗಿಂತ ಚಪ್ಪಟೆ ವಸ್ತು ಕಷ್ಟ. ತಾಳಿಯ ಬಿಲ್ಲೆ, ಲಕ್ಷ್ಮಿ ಕಾಸು ಇಂಥವು. ಇಲ್ಲಿ ಕ್ಯಾರಂ ನೆನಪಿಸಿಕೊಳ್ಳಿ. ಸ್ಟ್ರೈಕರ್ ಯಾವ ಕೋನದಲ್ಲಿ ಅಂಚಿಗೆ ಬಡಿಯುತ್ತದೋ ಅದೇ ಕೋನದಲ್ಲಿ ಆಚೆ ಹೋಗುತ್ತದೆ. ಬೆಳಕೂ ಹಾಗೇ. ನಿಮ್ಮ ಲೆನ್ಸ್ ಬಿಲ್ಲೆಯನ್ನು ಯಾವ ಕೋನದಿಂದ ನೋಡುತ್ತಿದೆಯೋ, ಎದುರು ಬದಿಯಲ್ಲಿ ಅದೇ ಕೋನದಲ್ಲಿ ಬಿಳಿ ಇರಬೇಕು. ಒಂದು ಅಂಗುಲ ಆಚೀಚೆ ಆದರೂ ಬಿಲ್ಲೆ ಕಪ್ಪಾಗುತ್ತದೆ. ಲೆನ್ಸ್ ಇರುವ ಜಾಗಕ್ಕೆ ನಿಮ್ಮ ಕಣ್ಣು ತನ್ನಿ. ಬಿಲ್ಲೆಯಲ್ಲಿ ಕಾಗದ ಕಂಡರೆ ಕ್ಯಾಮೆರಾಕ್ಕೂ ಕಾಣುತ್ತದೆ. ನೇರ ಮೇಲಿನಿಂದ ತೆಗೆಯಬೇಕಾದರೆ ಬಿಲ್ಲೆಗೆ ಕಾಣುವುದು ನಿಮ್ಮ ಲೆನ್ಸೇ. ಆಗ ಹಾಳೆಯ ನಡುವೆ ಲೆನ್ಸ್ ಹಿಡಿಯುವಷ್ಟು ತೂತು ಮಾಡಿ, ಅದರೊಳಗಿಂದ ತೆಗೆಯಿರಿ. ಆದಷ್ಟು ಹಿಂದೆ ಸರಿದು 100 ಮಿಲಿಮೀಟರ್ ಲೆನ್ಸ್ ಬಳಸಿ. ದೂರ ಹೋದಷ್ಟೂ ಲೆನ್ಸಿನ ಕಪ್ಪು ಪ್ರತಿಬಿಂಬ ಚಿಕ್ಕದಾಗುತ್ತದೆ.

ಗೋಡೆ, ನೆಲ ಇವು ಯಾರೂ ಹಿಡಿಯಬೇಕಿಲ್ಲದ ರಿಫ್ಲೆಕ್ಟರ್‌ಗಳು. ಆದರೆ ಋತು ನೋಡಿ ನಡೆಯಬೇಕು. ನಮ್ಮ ಹುಬ್ಬಳ್ಳಿ, ಧಾರವಾಡ, ಗದಗ ಇರುವುದು ಉತ್ತರ ಅಕ್ಷಾಂಶ ಸುಮಾರು 15 ಡಿಗ್ರಿಯ ಮೇಲೆ. ಮೇ ತಿಂಗಳ ಆರಂಭದಲ್ಲಿ, ಮದುವೆಗಳು ಜೋರಾಗಿರುವಾಗಲೇ, ನಡು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಇರುತ್ತಾನೆ. ಬಾಗಿಲು ಕಿಟಕಿಯಿಂದ ಬಿಸಿಲು ಒಳಗೆ ಬರುವುದೇ ಇಲ್ಲ. ಆಗ ಪಡಸಾಲೆಗೆ ಬರುವ ಬೆಳಕು ಹೆಚ್ಚಾಗಿ ಅಂಗಳದ ನೆಲಕ್ಕೆ ಬಡಿದು ಕೆಳಗಿನಿಂದ ಬಂದದ್ದು. ಅಂಗಳಕ್ಕೆ ಶಹಾಬಾದ್ ಕಲ್ಲಿನ ಫರಸಿ ಇದ್ದರೆ ಬೂದು ಬಿಳುಪಿನ ಒಳ್ಳೆಯ ಬೆಳಕು. ಸಗಣಿ ಸಾರಿಸಿದ ನೆಲವಾದರೆ ಬೆಚ್ಚಗಿನ ಕಂದು. ಎರೆ ಮಣ್ಣಿನ ಬಯಲಾದರೆ ಏನೂ ಸಿಗುವುದಿಲ್ಲ, ಅದು ಬೆಳಕನ್ನು ಕುಡಿದುಬಿಡುತ್ತದೆ. ಡಿಸೆಂಬರಿನಲ್ಲಿ ಬೇರೆ. ನಡು ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 51 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ದಕ್ಷಿಣದ ಬಾಗಿಲಿನಿಂದ ಬಿಸಿಲು ಒಳಗೆ ಬಂದು ಬೀಳುತ್ತದೆ. ಎದುರಿನ ಸುಣ್ಣದ ಗೋಡೆ ಇಡೀ ಕೋಣೆಗೆ ದೀಪ. ಗೋಡೆಗೆ ಗುಲಾಬಿ ಅಥವಾ ಹಸಿರು ಬಣ್ಣ ಇದ್ದರೆ ಮಾತ್ರ ಅಲ್ಲಿಂದ ಏಳಿ.

ಸ್ಟೀಲಿನ ತಾಟು, ಬೆಳ್ಳಿ ತಟ್ಟೆ, ಕನ್ನಡಿ ಇವುಗಳನ್ನು ನಾನು ಹತ್ತಿರದ ರಿಫ್ಲೆಕ್ಟರ್ ಆಗಿ ಬಳಸುವುದಿಲ್ಲ. ಅವು ಬೆಳಕನ್ನು ಚೆಲ್ಲುವುದಿಲ್ಲ, ಎಸೆಯುತ್ತವೆ. ಕತ್ತಲೆ ಕೋಣೆಗೆ ಬೆಳಕು ತರಲು ಮಾತ್ರ ಒಳ್ಳೆಯವು. ಬಾಗಿಲಲ್ಲಿ ಒಬ್ಬರು ಚಪ್ಪಟೆ ತಾಟು ಹಿಡಿದು ಬಿಸಿಲನ್ನು ಒಳಗಿನ ಬಿಳಿ ಗೋಡೆಗೆ ಎಸೆಯಲಿ. ಗೋಡೆ ಅದನ್ನು ಮೆತ್ತಗೆ ಮಾಡಿ ತಾಳಿಗೆ ಕೊಡುತ್ತದೆ. ಯಾರ ಕಣ್ಣಿಗೂ ಹೊಡೆಯದಂತೆ ನೋಡಿಕೊಳ್ಳಬೇಕು, ವಿಶೇಷವಾಗಿ ಮಕ್ಕಳ ಕಣ್ಣಿಗೆ. ತಗ್ಗಾದ ಪರಾತ, ಬೋಗುಣಿಗಳನ್ನು ಬಿಸಿಲಿನಲ್ಲಿ ಬಳಸಲೇಬೇಡಿ. ಒಳಬಾಗಿದ ಹೊಳಪಿನ ಮೈ ಬಿಸಿಲನ್ನು ಒಂದೇ ಕಡೆ ಕೂಡಿಸುತ್ತದೆ. ರೇಷ್ಮೆ ಸೀರೆ, ಕಾಗದದ ಹೂವು ಪಕ್ಕದಲ್ಲಿರುವ ಮನೆಯಲ್ಲಿ ಅದು ಆಟವಲ್ಲ. ಬಾಳೆ ಎಲೆ ಹಿನ್ನೆಲೆಗೆ ಚೆಂದ, ಆದರೆ ಲೋಹದ ಅಡಿಯಲ್ಲಿ ಇಟ್ಟರೆ ಹಸಿರು ಮೇಲಕ್ಕೆ ಏರುತ್ತದೆ. ಅಂಗಡಿಯವರು ಕೊಡುವ ಕೆಂಪು ಮಕಮಲ್ಲಿನ ಡಬ್ಬಿಯೂ ಹಾಗೇ. ಅದರೊಳಗೇ ಇಟ್ಟು ತೆಗೆದರೆ ಬಂಗಾರ ತಾಮ್ರವಾಗುತ್ತದೆ.

ಬೇರೆ ಬೇರೆ ವಸ್ತುಗಳಿಗೆ ಬೇರೆ ಉಪಚಾರ. ಕರಿಮಣಿ ಕಪ್ಪು ಗಾಜು. ಒಂದೊಂದು ಮಣಿಯ ಮೇಲೂ ಒಂದು ಸಣ್ಣ ಬಿಳಿ ಹೊಳಪು ಇರದಿದ್ದರೆ ಸರ ಇದ್ದಲ್ಲಿ ಬರೀ ಕಪ್ಪು ಗೆರೆ ಕಾಣುತ್ತದೆ. ಕಿಟಕಿಯ ಒಂದು ಪ್ರತಿಬಿಂಬ ಸಾಕು, ಸುತ್ತ ಬಿಳಿ ಬೇಡ. ಹಸಿರು ಗಾಜಿನ ಬಳೆಗೆ ಮುಂದಿನಿಂದ ಬೆಳಕು ಕೊಟ್ಟು ಪ್ರಯೋಜನವಿಲ್ಲ. ನೇರವಾಗಿ ಬಿದ್ದ ಬೆಳಕಿನಲ್ಲಿ ಗಾಜು ತನ್ನ ಒಂದು ಮೈಯಿಂದ ಶೇ 4ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಉಳಿದದ್ದು ಒಳಗೆ ಹೋಗುತ್ತದೆ. ಬಿಳಿ ಹಾಳೆಯನ್ನು ಬಳೆಯ ಹಿಂದೆ ಇಡಿ, ಹಾಳೆಯ ಮೇಲೆ ಬೆಳಕು ಬೀಳಲಿ. ಬಳೆ ಒಳಗಿನಿಂದ ದೀಪ ಹಚ್ಚಿದ ಹಾಗೆ ಹೊಳೆಯುತ್ತದೆ. ನತ್ತಿನ ಮುತ್ತಿಗೆ ಧೋತರ ಎಷ್ಟು ಹತ್ತಿರ ತಂದರೂ ಒಳ್ಳೆಯದು.

ಏಲಕ್ಕಿ ಮಾಲೆ ನಿಮ್ಮ ಹಾವೇರಿ ಜಿಲ್ಲೆಯದೇ ಹೆಮ್ಮೆ, ಅದಕ್ಕೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ಮೇಲೆ ಹೇಳಿದ್ದೆಲ್ಲ ಇಲ್ಲಿ ಉಲ್ಟಾ. ಏಲಕ್ಕಿ ಮಂದ ಮೈಯದು, ಅದರ ಚೆಂದ ಇರುವುದು ಉದ್ದುದ್ದ ಗೀರುಗಳಲ್ಲಿ. ಗೀರು ಕಾಣಬೇಕಾದರೆ ಸಣ್ಣ ನೆರಳು ಬೇಕು. ಧೋತರ ಹತ್ತಿರ ತಂದರೆ ನೆರಳೆಲ್ಲ ತುಂಬಿ ಏಲಕ್ಕಿ ಬೇಯಿಸಿದ ಶೇಂಗಾ ಆಗುತ್ತದೆ. ಬೆಳಗಿನ ಓರೆ ಬೆಳಕು ಒಂದೇ ಬದಿಯಿಂದ ಬರಲಿ. ಧೋತರವನ್ನು ನಾಲ್ಕೈದು ಅಡಿ ಹಿಂದೆ ಇಡಿ, ಅಥವಾ ಇಡಲೇಬೇಡಿ. ಕಷ್ಟ ಏನೆಂದರೆ ಅದೇ ಮಾಲೆಯಲ್ಲಿ ಜರಿ, ಹೊಳೆಯುವ ಮಣಿಗಳೂ ಇರುತ್ತವೆ, ಅವುಗಳಿಗೆ ಬಿಳಿ ಬೇಕು. ಆಗ ಅಂಗೈಯಷ್ಟು ಹಾಳೆ ಹರಿದು, ಜರಿಯ ಪದಕದ ಕಡೆಗೆ ಮಾತ್ರ ತಿರುಗಿಸಿ ಹಿಡಿಯಿರಿ. ಕಸೂತಿ ಸೆರಗಿಗೂ ಇದೇ ಓರೆ ಬೆಳಕು. ಗವಂತಿ, ಮುರ್ಗಿ ಹೊಲಿಗೆಯ ಒಂದೊಂದು ಎಳೆ ಎದ್ದು ಕಾಣುತ್ತದೆ.

ಕ್ಯಾಮೆರಾ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಷ್ಟು ಹತ್ತಿರದಿಂದ ಲೆನ್ಸಿನ ಕಿಂಡಿಯನ್ನು ಎಫ್ 2.8ರಷ್ಟು ಅಗಲ ತೆರೆದು ತೆಗೆದರೆ ಫೋಕಸ್ ಒಂದು ಮಿಲಿಮೀಟರಿಗಿಂತ ಕಡಿಮೆ ಆಳದಲ್ಲಿ ಮುಗಿದುಹೋಗಬಹುದು. ಕಿಂಡಿ ಕಿರಿದು ಮಾಡಿ ಎಫ್ 8 ಅಥವಾ 11 ಇಡಿ. 2.8ರಿಂದ 11ಕ್ಕೆ ಹೋದರೆ ಬೆಳಕು 16 ಪಟ್ಟು ಕಡಿಮೆಯಾಗುತ್ತದೆ. ರಿಫ್ಲೆಕ್ಟರ್ ಹೊಸ ಬೆಳಕು ಹುಟ್ಟಿಸುವುದಿಲ್ಲ, ಹಾಗಾಗಿ ಆ ಕೊರತೆ ಅದರಿಂದ ತುಂಬುವುದಿಲ್ಲ. ಕ್ಯಾಮೆರಾವನ್ನು ಟ್ರೈಪಾಡ್ ಅಥವಾ ಜೋಳದ ಚೀಲದ ಮೇಲೆ ಗಟ್ಟಿಯಾಗಿ ಇಟ್ಟು, ಎರಡು ಸೆಕೆಂಡಿನ ಟೈಮರ್ ಹಾಕಿ, ನಿಧಾನದ ಶಟರ್ ಕೊಡಿ. ತಾಳಿ ಎಲ್ಲಿಗೂ ಓಡುವುದಿಲ್ಲ. ಲೈಟ್ ಆರಿಸಲು ಆಗದ ಮಂಟಪದಲ್ಲಿ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇರಲಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಬೇರೆ ವೇಗದಲ್ಲಿ ಪಟ್ಟೆ ಪಟ್ಟೆ ಬರಬಹುದು. ಲೆನ್ಸಿಗೆ ಪೋಲರೈಸರ್ ಎಂಬ ಹೊಳಪು ತಗ್ಗಿಸುವ ಫಿಲ್ಟರ್ ಹಾಕಿದರೆ ಬಂಗಾರದ ಹೊಳಪು ಕಡಿಮೆಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಎಲೆ, ಗಾಜಿನ ಮೇಲಿನ ಹೊಳಪಿಗೆ ಅದು ಕೆಲಸ ಮಾಡುತ್ತದೆ, ಲೋಹದ ಮೇಲೆ ಹೆಚ್ಚೇನೂ ಮಾಡುವುದಿಲ್ಲ.

ಕೊನೆಗೆ ನಿಮ್ಮ ಹತ್ತು ನಿಮಿಷ. ನಾನು ಕಂಡ ದೊಡ್ಡ ಅಪಾಯಗಳು ಬೆಳಕಿನದಲ್ಲ, ನಡವಳಿಕೆಯದು. ತಾಳಿಯನ್ನು ನೀವಾಗಿ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗಬೇಡಿ, ಎಂಥ ಪರಿಚಯದ ಮನೆಯಾದರೂ. ಮನೆಯ ಹಿರಿಯ ಹೆಣ್ಣುಮಕ್ಕಳೊಬ್ಬರನ್ನು ಜೊತೆಗೆ ಕರೆಯಿರಿ. ಡಬ್ಬಿ ತೆರೆಯುವುದು, ಮಣೆಯ ಮೇಲೆ ಇಡುವುದು, ಮತ್ತೆ ಮುಚ್ಚುವುದು ಅವರ ಕೈಯಿಂದಲೇ ಆಗಲಿ. ಬರಿ ನೆಲಕ್ಕೆ ಇಡಬೇಡಿ. ಚಪ್ಪಲಿ ಬಿಟ್ಟು ಹೋಗಿ. ಧೋತರ ಹಿಡಿಯಲು ಅವರನ್ನೇ ಕೇಳಿ. ಪರದೆಯಲ್ಲಿ ಒಂದು ಫೋಟೊ ತೋರಿಸಿದರೆ ಅವರೇ ಆಮೇಲೆ ಇನ್ನೊಂದು ಐದು ನಿಮಿಷ ಕೊಡಿಸುತ್ತಾರೆ. ಮಂಟಪಕ್ಕೆ ಹೋದ ಮೇಲೆ, ತೆಂಗಿನಕಾಯಿ ಮತ್ತು ಅಕ್ಕಿಕಾಳಿನ ತಟ್ಟೆಯಲ್ಲಿ ತಾಳಿಯನ್ನು ಹಿರಿಯರಿಗೆ ಮುಟ್ಟಿಸಲು ತರುವಾಗ, ನಿಮ್ಮ ಹಾಳೆ ಧೋತರ ಎಲ್ಲ ಚೀಲದೊಳಗೆ ಇರಲಿ. ಆಗ ಅದು ಪೂಜೆಯ ವಸ್ತು. ನೀವು ಮಾತ್ರ ಬೆಳಕಿಗೆ ತಕ್ಕಂತೆ ಸರಿಯಿರಿ. ಅರಿಷಿಣದ ಅಕ್ಕಿಯ ಹಳದಿ ಗುಂಡಿನ ಕೆಳಗೆ ತಾನಾಗಿಯೇ ಮೂಡುತ್ತದೆ. ಆ ಒಂದು ಹಳದಿಯನ್ನು ನಾನು ಎಂದೂ ತಿದ್ದುವುದಿಲ್ಲ, ಅದು ಆ ತಟ್ಟೆಯದೇ.

ರಿಫ್ಲೆಕ್ಟರ್ ಸದ್ಯಕ್ಕೆ ಕೊಳ್ಳಬೇಡಿ. ಮನೆಯಲ್ಲಿ ಒಂದು ಸ್ಟೀಲ್ ಚಮಚ, ಒಂದು ಹಸಿರು ಬಳೆ, ನಾಲ್ಕು ಏಲಕ್ಕಿ ಇಟ್ಟುಕೊಂಡು ಒಂದು ವಾರ ಕಿಟಕಿ ಪಕ್ಕ ಕೂತು ನೋಡಿ. ಚಮಚದಲ್ಲಿ ನಿಮ್ಮ ಪ್ರತಿಬಿಂಬ ಎಲ್ಲಿ ಬೀಳುತ್ತದೆ ಅಂತ ಗೊತ್ತಾದರೆ ಗುಂಡಿನಲ್ಲೂ ಗೊತ್ತಾಗುತ್ತದೆ. ಮತ್ತೆ, ಮುಂದಿನ ಮದುವೆಗೆ ಆ ಕಪ್ಪು ಟೀ ಶರ್ಟು ಬೇಡ. ಬಿಳಿ ಅಂಗಿ ಹಾಕಿಕೊಂಡು ಹೋಗಿ.